ಕೊನೆಯ ಸುತ್ತಿನ ಸವಕಳಿ

ಆ ವರ್ಷಗಳಲ್ಲಿ ಗದಗಿನ ಕಡೆ ಗಂಡು ನೋಡಲು ಹೋದವರು ಮನೆತನ, ಸಂಬಳ, ಹೊಲ ಎಂದು ವಿಚಾರಿಸುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: "ಹುಡುಗನ ಸವಕಳಿ ಎಷ್ಟು ಬಂದೈತ್ರಿ?" ಕಡಿಮೆ ಬಂದವನಿಗೆ ಹೆಣ್ಣು ಕೊಡಲು ನಾ ಮುಂದು ತಾ ಮುಂದು. ಹೆಚ್ಚು ಬಂದವನ ಮನೆಯಲ್ಲಿ ಚಹಾ, ಚೂಡಾ ಮುಗಿಸಿ, "ತಿಳಿಸ್ತೀವ್ರಿ" ಎಂದು ಎದ್ದು ಬರುತ್ತಿದ್ದರು. ಹಾಗೆ ಹೇಳಿ ಹೋದವರು ತಿಳಿಸಿದ ಉದಾಹರಣೆ ಒಂದೂ ಇಲ್ಲ. ಪೊಲೀಸ್ ಭರ್ತಿಗೂ ಅದೇ ಅಂಕ, ಕಂಡಕ್ಟರ್ ಕೆಲಸಕ್ಕೂ ಅದೇ. ಚುನಾವಣೆ ಬಂತೆಂದರೆ ಚಹಾದಂಗಡಿಯಲ್ಲಿ ಕುಳಿತವರು, "ಈ ಮನಶ್ಯಾನ ಸವಕಳಿ ನೋಡಿದ್ರ ಐದು ವರ್ಷ ಬಾಳಾಂಗಿಲ್ಲ ಬಿಡ್ರಿ" ಎಂದು ನಗುತ್ತಿದ್ದರು.

ಊರನ್ನೆಲ್ಲ ಕುಣಿಸುತ್ತಿದ್ದ ಈ ಅಂಕ ಹುಟ್ಟಿದ್ದು ಮಾತ್ರ, ಪಾಪ, ಓಟಗಾರರಿಗಾಗಿ. ಐದು ಕಿಲೋಮೀಟರ್ ಓಡಿದವನು ಹತ್ತು ಕಿಲೋಮೀಟರನ್ನು ಎಷ್ಟು ಹೊತ್ತಿನಲ್ಲಿ ಓಡಿಯಾನು? ಎರಡು ಪಟ್ಟು ಎಂದರೆ ತಪ್ಪು, ಏಕೆಂದರೆ ಮನುಷ್ಯ ದಣಿಯುತ್ತಾನೆ. ಎರಡು ಪಟ್ಟು, ಮೇಲೊಂದಿಷ್ಟು. ದೂರ ಬೆಳೆದಂತೆ ಆ 'ಮೇಲೊಂದಿಷ್ಟು' ಕೂಡ ಬೆಳೆಯುತ್ತ ಹೋಗುತ್ತದೆ. ಹಿಂದಿನವರು ಎಲ್ಲರಿಗೂ ಒಂದೇ ಲೆಕ್ಕ ಹಾಕಿ, ಚಿಕ್ಕ ಓಟದ ಸಮಯದಿಂದ ಮ್ಯಾರಥಾನಿನ ಸಮಯವನ್ನು ಅಂದಾಜು ಮಾಡುತ್ತಿದ್ದರು. ಕೆಲವರಿಗೆ ಕೂಡುತ್ತಿತ್ತು, ಕೆಲವರಿಗೆ ಕೈಕೊಡುತ್ತಿತ್ತು. ಒಬ್ಬೊಬ್ಬರ 'ಮೇಲೊಂದಿಷ್ಟು' ಎಷ್ಟೆಂದು ಬೇರೆಬೇರೆಯಾಗಿ ಹೇಳುವ ಯಂತ್ರವೊಂದು ಸಿಕ್ಕರೆ? ಸಿಕ್ಕಿತು. ಅದರ ಹೆಸರು ಮುಂಗಾಣಿ.

ಬೂಟಿನೊಳಗೆ ಇಡುವ ತೆಳ್ಳನೆಯ ಅಟ್ಟೆ ಅದು. ಹೆಜ್ಜೆ ಎಷ್ಟು ಉದ್ದ ಬಿತ್ತು, ಪಾದ ನೆಲದ ಮೇಲೆ ಎಷ್ಟು ಹೊತ್ತು ಊರಿತು ಎಂದು ಅಳೆಯುತ್ತ ಹೋಗುತ್ತದೆ. ದಣಿದ ಕಾಲು ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ, ನೆಲ ಬಿಟ್ಟು ಏಳಲು ತಡ ಮಾಡುತ್ತದೆ. ಐದು ಕಿಲೋಮೀಟರಿನ ಕೊನೆಗೆ ಕಾಲು ಎಷ್ಟು ಸವೆದಿದೆ ಎಂದು ನೋಡಿ, ನಲವತ್ತೆರಡು ಕಿಲೋಮೀಟರಿಗೆ ಎಷ್ಟು ಸವೆದೀತು ಎಂದು ಮುಂಗಾಣಿ ಹೇಳುತ್ತದೆ. ಅದೇ ಸವಕಳಿ ಅಂಕ. ಮಿತಿಯ ಕೆಳಗಿದ್ದರೆ ಹಸಿರು. ಮೇಲಿದ್ದರೆ ಕೆಂಪು, ಜೊತೆಗೆ ಓಟಗಾರನ ದೇಹ ಯಾವ ಕಿಲೋಮೀಟರಿನಲ್ಲಿ ಕೈಚೆಲ್ಲುತ್ತದೆ ಎಂಬ ಸೂಚನೆ.

ಈ ಯಂತ್ರದ ಲೆಕ್ಕವನ್ನು ರೂಪಿಸಿದವನು ಗುರುಪಾದ ಅಂಗಡಿ. ಗದಗಿನ ಹೊರಗೆ, ಗಾಳಿಯಂತ್ರಗಳು ಕಾಣುವ ಬಯಲಿನಲ್ಲಿದ್ದ ಓಟ ಸಂಶೋಧನಾ ಕೇಂದ್ರದಲ್ಲಿ ಅವನು ಲೆಕ್ಕ ವಿಭಾಗದ ಮುಖ್ಯಸ್ಥ. ಕೆಂಪು ಬಂದವರನ್ನು ದೂರದ ಓಟಕ್ಕೆ ಬಿಡಲೇಬಾರದೆಂದು ಪಟ್ಟು ಹಿಡಿದು ನಿಯಮ ಮಾಡಿಸಿದವನೂ ಅವನೇ. ಅದಕ್ಕೆ ಕಾರಣವಿತ್ತು. ಮೊದಲ ವರ್ಷ, ನಿಯಮ ಇನ್ನೂ ಇಲ್ಲದಾಗ, ಕೆಂಪು ಬಂದಿದ್ದ ತರುಣನೊಬ್ಬ ನಗುನಗುತ್ತ ಓಡಲು ಹೋಗಿ ಯಂತ್ರ ಹೇಳಿದ ಜಾಗದಲ್ಲೇ ಬಿದ್ದಿದ್ದ. ಬಿದ್ದವನು ಏಳಲಿಲ್ಲ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಆ ಹುಡುಗನ ಚುಕ್ಕೆ ಗಕ್ಕನೆ ನಿಂತದ್ದನ್ನು ಗುರುಪಾದ ಕಣ್ಣಾರೆ ಕಂಡಿದ್ದ. ಅಂದಿನಿಂದ ನಿಂತ ಚುಕ್ಕೆ ಎಂದರೆ ಅವನ ಕೈಕಾಲು ತಣ್ಣಗಾಗುತ್ತಿತ್ತು.

ಲಕ್ಷ್ಮೇಶ್ವರದಿಂದ ಗದಗಿಗೆ ನಡೆಯುವ ಮ್ಯಾರಥಾನಿಗೆ ಹೆಸರು ಕೊಟ್ಟವರ ಅಂಕಗಳು ಬಂದ ದಿನ, ಸಹೋದ್ಯೋಗಿ ರೇಷ್ಮಾ ನದಾಫ್ ಅವನ ಮೇಜಿನ ಬಳಿ ಬಂದು ಸುಮ್ಮನೆ ನಿಂತಳು. ಸುಮ್ಮನೆ ನಿಲ್ಲುವ ಹೆಂಗಸಲ್ಲ ಆಕೆ.

"ಏನ್ರೀ ರೇಷ್ಮಾ?"

"ಸರ್, ದಾಕ್ಷಾಯಣಿ ಅಕ್ಕಾರದು ಬಂತ್ರಿ. ಕೆಂಪು ಬಂದೈತಿ."

"ನನ್ನ ಹೆಂಡ್ತಿದಾ? ಇನ್ನೊಮ್ಮೆ ನೋಡ್ರಿ. ಹೆಸರು ಅದಲುಬದಲು ಆಗಿರ್ತೈತಿ."

"ಮೂರು ಸಲ ನೋಡಿದೆ ಸರ್. ಇಡೀ ವರ್ಷದ ಓಟ ಎಲ್ಲಾ ಹಿಂಗಽ ಅದಾವ. ಮೂವತ್ತನಾಲ್ಕನೇ ಕಿಲೋಮೀಟರಿಗೆ ನಿಂದರ್ತಾರಂತ ಹೇಳ್ತೈತಿ."

ಗುರುಪಾದ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ದಾಕ್ಷಾಯಣಿಯ ಹೆಜ್ಜೆಗಳ ಗೆರೆ ಹತ್ತು ಸುತ್ತಿನ ತನಕ ನೆಟ್ಟಗೆ, ಚೆಂದವಾಗಿ ಬಂದು, ಕೊನೆಯ ಎರಡು ಸುತ್ತಿನಲ್ಲಿ ಕುಸಿದುಬಿಟ್ಟಿತ್ತು. ಹೆಜ್ಜೆ ಗಿಡ್ಡ, ಇನ್ನೂ ಗಿಡ್ಡ, ಇನ್ನೂ ಗಿಡ್ಡ. ಒಂದು ದಿನದ್ದಲ್ಲ, ದಿನದಿನದ್ದೂ ಹಾಗೆಯೇ.

ಮನೆಗೆ ಹೋಗಿ ಹೇಳುವುದು ಹೇಗೆ? ದಾಕ್ಷಾಯಣಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಹದಿನೆಂಟರ ಹುಡುಗಿಯಾಗಿದ್ದಾಗ ಜಿಲ್ಲೆಗೇ ಮೊದಲು ಬಂದಿದ್ದಳು. ಆಮೇಲೆ ಓದು, ನೌಕರಿ, ಮದುವೆ, ಅತ್ತೆಯ ಆಪರೇಷನ್ ಎಂದು ಒಂದಿಲ್ಲೊಂದು ಅಡ್ಡ ಬಂದು ಮ್ಯಾರಥಾನ್ ಮಾತ್ರ ಮುಂದಕ್ಕೇ ಹೋಗುತ್ತಿತ್ತು. ಈಗ ನಲವತ್ತರ ಹೊಸ್ತಿಲಲ್ಲಿ, "ಜೀವದಾಗ ಒಮ್ಮೆ ಪೂರ್ತಿ ಓಡಿಬಿಡ್ತೀನಿ" ಎಂದು ಹಟ ಹಿಡಿದಿದ್ದಳು. ಆಕೆಯ ಜೊತೆಗೆ ಗುರುಪಾದನ ತಾಯಿ ಈರವ್ವನೂ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದರು. ನಡೆಯುತ್ತ ನಡೆಯುತ್ತ ಮುದುಕಿಗೆ ಹುಚ್ಚು ಹಿಡಿದು, ಇಳಕಲ್ ಸೀರೆಗೆ ಕಚ್ಚೆ ಹಾಕಿ, ಕ್ಯಾನ್ವಾಸ್ ಬೂಟು ತೊಟ್ಟು ಓಡಲು ಶುರು ಮಾಡಿದ್ದಳು. ಅತ್ತೆ ಸೊಸೆ ಕೂಡಿ ಹೋಗಿ ಕೂಡಿ ಬರುವುದನ್ನು ನೋಡಿ ಓಣಿಯವರು, "ಈರವ್ವ, ಒಲಿಂಪಿಕ್ಸಿಗೆ ಯಾವಾಗ?" ಎಂದು ಕಾಡುತ್ತಿದ್ದರು.

ಗುರುಪಾದ ಸಂಜೆ ಚಹಾ ಕುಡಿಯುವಾಗ ಹೇಳಿಬಿಟ್ಟ. ಸುತ್ತಿಬಳಸಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ.

ದಾಕ್ಷಾಯಣಿ ಚಹಾದ ಕಪ್ಪು ಕೆಳಗಿಟ್ಟಳು. ಆಮೇಲೆ, "ನಾ ಹಗ್ಗದ ಮ್ಯಾಲ ನಡೀತೀನಿ ಅಂದಿಲ್ಲ. ರಸ್ತೆ ಮ್ಯಾಲ ಓಡ್ತೀನಿ ಅಂದೀನಿ" ಎಂದಳು. "ನನಗ ದಣಿವು ಅನಸೂದಽ ಇಲ್ಲರಿ. ಓಡಿ ಬಂದು ರೊಟ್ಟಿ ಬಡೀತೀನಿ, ಸಾಲಿಗೆ ಹೋಗ್ತೀನಿ."

"ಅಂವಗೂ ಹಂಗಽ ಅನಿಸಿತ್ತು ದಾಕ್ಷಿ. ಆ ಹುಡುಗಗ."

ಆಕೆಗೆ ಆ ಹುಡುಗನ ಕಥೆ ಗೊತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ಯಂತ್ರ ಮಾಡಿದಾವ್ರು ನೀವು. ಅದು ಖರೆ ಅಂತ ಹೇಳ್ರಿ, ಬೂಟು ಬಿಚ್ಚಿ ಒಗದಬಿಡ್ತೀನಿ. ಸುಳ್ಳು ಅಂತ ಹೇಳ್ರಿ, ಓಡ್ತೀನಿ. ಹೆದರಿಕೀ ಆಗ್ತೈತಿ ಅಂತಷ್ಟ ಹೇಳಿ ಮನ್ಯಾಗ ಕುಂದರಿಸಬ್ಯಾಡ್ರಿ."

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಈರವ್ವ, "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಗಾದಿ ಮಾಡಿದಾವ್ರು ನಿನ್ನ ನೋಡೇ ಮಾಡ್ಯಾರೋ ಗುರ್ಯಾ" ಎಂದಳು. ಗುರುಪಾದನಿಗೆ ಖರೆ ಎನ್ನಲು ನಾಲಿಗೆ ಏಳಲಿಲ್ಲ, ಸುಳ್ಳು ಎನ್ನಲು ಆಧಾರವಿರಲಿಲ್ಲ.

ಮರುದಿನದಿಂದ ಅವನು ಲೆಕ್ಕವನ್ನು ಬುಡಮಟ್ಟದಿಂದ ಪರೀಕ್ಷಿಸಿದ. ಅಟ್ಟೆ ಬದಲಿಸಿದ, ಬೂಟು ಬದಲಿಸಿದ. ಎಲ್ಲಿಯೂ ತಪ್ಪು ಸಿಗಲಿಲ್ಲ. ಹಾಗೆ ನೋಡಿದರೆ ಗದಗಿನ ಹೆಂಗಸರಲ್ಲಿ ಕೆಂಪು ಬರುವುದು ಬೇರೆ ಕಡೆಗಿಂತ ಹೆಚ್ಚೇ ಇತ್ತು. ಗದಗಿನ ನೀರೇ ಹಾಗೆಂದು ಒಬ್ಬರು, ಜೋಳದ ರೊಟ್ಟಿ ಕಾಲಿಗೆ ಹತ್ತುವುದಿಲ್ಲವೆಂದು ಇನ್ನೊಬ್ಬರು ಪ್ರಬಂಧವನ್ನೇ ಬರೆದಿದ್ದರು. ಗುರುಪಾದ ಅವನ್ನೂ ಓದಿ, ಮನೆಯ ನೀರಿನ ಫಿಲ್ಟರನ್ನೂ ಬದಲಿಸಿದ.

ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತಿದ್ದರು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. ಅಂಗಡಿಯವರ ಮನೆಯಲ್ಲಿ ತಲೆತಲಾಂತರದ ರೂಢಿಯೊಂದಿತ್ತು: ಕೂಡಿ ಉಣ್ಣಲು ಕುಳಿತವರಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಒಬ್ಬರನ್ನೇ ಬಿಟ್ಟು ಎದ್ದರೆ ಅವರ ಹೊಟ್ಟೆ ತುಂಬುವುದಿಲ್ಲ ಎಂದು ಈರವ್ವನ ನಂಬಿಕೆ.

ಅಂದು ಗುರುಪಾದನ ತಾಟಿನಲ್ಲಿ ಮೊದಲ ರೊಟ್ಟಿಯೇ ಹಾಗೇ ಇತ್ತು. ಯೋಚನೆಯಲ್ಲಿ ಮುಳುಗಿ ಒಂದು ತುತ್ತು ಬಾಯಿಗಿಟ್ಟರೆ ಮತ್ತೊಂದಕ್ಕೆ ಯುಗವಾಗುತ್ತಿತ್ತು. ದಾಕ್ಷಾಯಣಿ ಮೊದಲಿನಿಂದಲೂ ಸರಸರ ಉಣ್ಣುವವಳು, ಶಾಲೆಯ ಗಂಟೆಗೆ ಹೊಂದಿಕೊಂಡ ಜೀವ. ಆಕೆಯ ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಗುರುಪಾದನ ಕಣ್ಣು ಹಾಗೇ ಆ ಕೈಯ ಮೇಲೆ ಬಿತ್ತು. ಆಕೆ ರೊಟ್ಟಿಯ ಒಂದು ಚೂರು ಮುರಿದಳು. ಮುಂದಿನದು ಅದಕ್ಕಿಂತ ಸಣ್ಣದು. ಅದರ ಮುಂದಿನದು ಉಗುರಿನಷ್ಟು. ಬಾಯಿಗೆ ಹೋಗುವ ಕೈ ತಡವಾಗುತ್ತ, ತಡವಾಗುತ್ತ, ಪಲ್ಯದಲ್ಲಿ ಸುಮ್ಮನೆ ಬೆರಳಾಡಿಸುತ್ತ ನಿಂತಿತು.

ಗಿಡ್ಡ, ಇನ್ನೂ ಗಿಡ್ಡ, ಇನ್ನೂ ಗಿಡ್ಡ. ಹೊಟ್ಟೆ ತುಂಬಿದ್ದಕ್ಕೆ ಆಕೆಯ ಕೈ ನಿಂತಿರಲಿಲ್ಲ. ಗಂಡ ಒಬ್ಬನೇ ಆಗಬಾರದೆಂದು ಉಣ್ಣುವ ಹಾಗೆ ಮಾಡುತ್ತ ಕಾಯುತ್ತಿದ್ದಳು.

ಗುರುಪಾದ ಧಡಕ್ಕನೆ ಎದ್ದು ನಿಂತ.

"ಏ ಗುರ್ಯಾ! ಸಾಲಿನ್ಯಾಗಿಂದ ಎದ್ದು ನಿಂತ್ಯಲ್ಲೋ! ಏನ್ ಬುದ್ಧಿ ಇದು?" ಎಂದು ಈರವ್ವ ಚೀರಿದಳು.

"ಯವ್ವಾ, ತಡಿ. ದಾಕ್ಷಿ, ಮೈದಾನದಾಗ ಕಡೀ ಸುತ್ತು ನೀ ಹೆಂಗ ಓಡ್ತಿ?"

"ಹೆಂಗಂದ್ರ? ಅತ್ತಿಯವರ ಜೋಡಿ." ಆಕೆ ಕಕ್ಕಾಬಿಕ್ಕಿಯಾಗಿ ನೋಡಿದಳು. "ನನ್ನ ಸುತ್ತಿನ ಅರ್ಧ ಅವರದು. ನಂದು ಮುಗಿಯೂ ಹೊತ್ತಿಗೆ ಅವರದೂ ಮುಗೀಲಿಕ್ಕೆ ಬಂದಿರ್ತೈತಿ. ಕಡೀಕ ಅವರನ್ನ ಕೂಡಿಕೊಂಡು ಸಾವಕಾಶ ಬರ್ತೀನಿ. ವಯಸ್ಸಾದವರನ್ನ ಹಿಂದ ಬಿಟ್ಟು ನಾ ಮುಂದ ಹೋಗಿ ನಿಂದರಬೇಕಾ?"

"ಯಾರಿಗವ್ವ ವಯಸ್ಸಾಗೈತಿ?" ಎಂದಳು ಈರವ್ವ.

"ದಿನಾ ಹಿಂಗಽ?"

"ದಿನಾ. ಅದರಾಗೇನೈತಿ?"

ಅದರಲ್ಲೇ ಎಲ್ಲ ಇತ್ತು. ಅಟ್ಟೆಗೆ ಕಾಲು ಗೊತ್ತು, ಪಕ್ಕದಲ್ಲಿ ಓಡುವವರು ಗೊತ್ತಿಲ್ಲ. ಮುಂಗಾಣಿಗೆ ಲೆಕ್ಕ ಕಲಿಸಿದ್ದು ದೊಡ್ಡ ನಗರದ ಓಟಗಾರರಿಂದ. ಕಿವಿಗೆ ಹಾಡು ಸಿಗಿಸಿಕೊಂಡು ಒಬ್ಬೊಬ್ಬರೇ ಓಡುವ ಮಂದಿ ಅವರು. ಅಂಥವರ ಹೆಜ್ಜೆ ಗಿಡ್ಡವಾದರೆ ಅದು ದಣಿವೇ. ಇಲ್ಲಿ ಹೆಜ್ಜೆ ಗಿಡ್ಡ ಮಾಡುವುದು ಮರ್ಯಾದೆ ಎಂದು ಯಂತ್ರಕ್ಕೆ ಹೇಳಿದವರು ಯಾರು? ಇದೇ ಮನೆಯಲ್ಲಿ ಹುಟ್ಟಿ, ಇದೇ ಸಾಲಿನಲ್ಲಿ ಕುಳಿತು ಉಂಡ ಗುರುಪಾದನಿಗೂ ಹೊಳೆದಿರಲಿಲ್ಲ.

ಸೋಮವಾರ ಅವನು ಹೇಳಿದ್ದನ್ನು ಕೇಳಿ ರೇಷ್ಮಾ ಹಣೆ ಬಡಿದುಕೊಂಡಳು. "ಅಯ್ಯ ಸರ್, ನಮ್ಮ ನಾದಿನಿ, ಆಕಿ ಗೆಳತ್ಯಾರು ಎಲ್ಲಾ ಹಿಂಗಽ! ಓಟ ಮುಗಿಸೂದು ಕೂಡಿ, ಆಮ್ಯಾಲ ಚಹಾ ಕೂಡಿ." ಆಕೆ ಒಂದೇ ಮೈದಾನದಲ್ಲಿ ಒಂದೇ ಗಳಿಗೆಗೆ ಓಟ ಮುಗಿಸಿದವರನ್ನೆಲ್ಲ ಬೇರೆ ಮಾಡಿ ನೋಡಿದಳು. ಕೂಡಿ ಮುಗಿಸಿದವರಲ್ಲಿ ಕೆಂಪೋ ಕೆಂಪು. ಒಂಟಿಯಾಗಿ ಮುಗಿಸಿದವರಲ್ಲಿ ಹಸಿರು. ಗದಗಿನ ನೀರು, ಜೋಳದ ರೊಟ್ಟಿ ಎರಡೂ ನಿರಪರಾಧಿಗಳು.

ಆದರೆ ಬೆಂಗಳೂರಿನಿಂದ ಪರದೆಯ ಮೇಲೆ ಬಂದ ನಿರ್ದೇಶಕರು ಇದನ್ನು ಒಪ್ಪಲಿಲ್ಲ. "ಗುರುಪಾದ್, ಮನೆಯವರ ವಿಷಯ ಅಂತ ನಿಮ್ಮ ಮನಸ್ಸು ದಾರಿ ಹುಡುಕ್ತಾ ಇದೆ. ಜೊತೆಗೆ ಓಡೋರಿಗೆ ಕೆಂಪು ಬರುತ್ತೆ ಅಂತೀರಿ. ಬೇಗ ಸುಸ್ತಾಗೋರೇ ಜೊತೆ ಹುಡುಕ್ಕೋತಾರೆ ಅಂತ ಯಾಕಿರಬಾರದು?"

ಮಾತಿನಲ್ಲಿ ಹುರುಳಿತ್ತು.

"ಅವರು ಒಬ್ಬರೇ ಓಡಿ ತೋರಿಸಲಿ. ಎದೆಗೆ ಪಟ್ಟಿ ಕಟ್ಟಿ, ಹೃದಯದ ಬಡಿತಾನೂ ನೋಡೋಣ" ಎಂದರು ನಿರ್ದೇಶಕರು.

ಬುಧವಾರ ಬೆಳಿಗ್ಗೆ ಈರವ್ವನನ್ನು ಮನೆಯಲ್ಲೇ ಬಿಟ್ಟು ದಾಕ್ಷಾಯಣಿ ಒಬ್ಬಳೇ ಓಡಿದಳು. ಗುರುಪಾದ ಕೇಂದ್ರದ ಪರದೆಯಲ್ಲಿ ಆಕೆಯ ಗೆರೆಯನ್ನೇ ನೋಡುತ್ತ ಕುಳಿತಿದ್ದ. ಹತ್ತು ಸುತ್ತು ಗೆರೆ ನೆಟ್ಟಗೆ ಬಂತು. ಹನ್ನೊಂದನೆಯದರಲ್ಲಿ ಕುಸಿಯಿತು. ಹಿಂದಿನಷ್ಟೇ ಕುಸಿಯಿತು. ಜೊತೆಯಲ್ಲಿ ಯಾರೂ ಇರಲಿಲ್ಲ, ಆದರೂ ಅಂಕ ಕೆಂಪು, ಮೂವತ್ತನಾಲ್ಕನೆಯ ಕಿಲೋಮೀಟರೇ. ಹೃದಯದ ಬಡಿತವೂ ಕೊನೆಗೆ ಇಳಿದಿತ್ತು. ದಣಿದವರ ಬಡಿತ ಏರಬೇಕು. ಇಳಿದಿದೆ ಎಂದರೆ ಆಕೆ ದಣಿದಿಲ್ಲ ಎಂದು ಗುರುಪಾದ. ಇಳಿದಿದೆ ಎಂದರೆ ಹೃದಯವೇ ಕೈಬಿಡುತ್ತಿದೆ ಎಂದು ನಿರ್ದೇಶಕರು. ಗೆರೆ ಒಂದೇ, ಅರ್ಥ ಎರಡು.

"ಯಾಕ ನಿಧಾನ ಆದಿ ದಾಕ್ಷಿ? ಹಿಂದ ಯಾರೂ ಇರಲಿಲ್ಲಲ್ಲ?" ಎಂದು ಮನೆಗೆ ಬಂದವನೇ ಕೇಳಿದ.

"ನಾ ಆಗಲಿಲ್ಲರಿ. ಕಾಲು ತಾವಽ ಆದ್ವು." ಆಕೆ ಬಗ್ಗಿ ತನ್ನ ಕಾಲುಗಳನ್ನು ಮುಟ್ಟಿ ನೋಡಿಕೊಂಡಳು. "ಖರೇನ ನನಗೇನರ ಆಗೈತೇನ್ರೀ?"

ಗುರುಪಾದ ಆಕೆಯ ಕೈ ಹಿಡಿದುಕೊಂಡ. ಅವನ ಕೈ ಆಕೆಯದಕ್ಕಿಂತ ತಣ್ಣಗಿತ್ತು. ಸೊಸೆಯ ಬೂಟನ್ನು ಈರವ್ವ ಸದ್ದಿಲ್ಲದೆ ಎತ್ತಿ ಅಟ್ಟದ ಮೇಲಿಟ್ಟಳು. ಆ ವಾರವೆಲ್ಲ ಯಾರೂ ಮೈದಾನಕ್ಕೆ ಹೋಗಲಿಲ್ಲ.

ಮುಂದಿನ ಸೋಮವಾರ ಈರವ್ವನದು ಒಪ್ಪತ್ತು. ಒಪ್ಪತ್ತಿನ ದಿನ ಆಕೆ ಹೊತ್ತು ಏರುವ ಮೊದಲೇ ಉಂಡು, ಕೈತೊಳೆಯದೆ, ಸಾಲು ಮುರಿಯಬಾರದೆಂದು ತಾಟಿನ ಮುಂದೆ ಕುಳಿತು ಉಳಿದವರ ದಾರಿ ಕಾಯುತ್ತಿದ್ದಳು. ಅಂದೂ ಹಾಗೇ ಕುಳಿತಿದ್ದಳು. ಗುರುಪಾದ, ದಾಕ್ಷಾಯಣಿ ಇಬ್ಬರಿಗೂ ಊಟ ಬೇಕಿರಲಿಲ್ಲ, ಆದರೂ ಕುಳಿತರು. ಕುಳಿತದ್ದೇ ತಡ, ಇಬ್ಬರ ಕೈಯೂ ಗಡಿಬಿಡಿಯಿಂದ ಓಡತೊಡಗಿತು. ರೊಟ್ಟಿಯ ಚೂರು ದೊಡ್ಡದಾಯಿತು. ಮಾತಿಲ್ಲ ಕಥೆಯಿಲ್ಲ, ಗಬಗಬ ನುಂಗಿದರು.

"ಯಾಕ್ರೋ, ಬೆನ್ನಿಗೆ ನಾಯಿ ಬಿದ್ದಾವೇನು? ನಿಧಾನ ಉಣ್ರಿ" ಎಂದಳು ಈರವ್ವ.

"ನೀ ಕೈ ಒಣಗಿಸಿಕೊಂಡು ಕುಂತೀಯಲ್ಲ ಯವ್ವ, ಎಷ್ಟೊತ್ತಂತ ಕಾಯಿಸೂದು..." ಎನ್ನುತ್ತ ಎನ್ನುತ್ತ ಗುರುಪಾದ ಅಲ್ಲಿಗೇ ನಿಂತ. ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

ಹಿಂದೆ ಯಾರಾದರೂ ಉಳಿದಿದ್ದರೆ ಈ ಮನೆಯ ಕೈ ತಡ ಮಾಡುತ್ತದೆ. ಮುಂದೆ ಯಾರಾದರೂ ಕಾಯುತ್ತಿದ್ದರೆ ಅದೇ ಕೈ ಓಡುತ್ತದೆ. ವರ್ಷವಿಡೀ ಅತ್ತೆಗಾಗಿ ತಡ ಮಾಡಿದ ಕಾಲು, ಅತ್ತೆ ಇಲ್ಲದ ದಿನವೂ ರೂಢಿಯಂತೆ ತಡ ಮಾಡಿತು. ಕಾಯಿಲೆಯೋ ರೂಢಿಯೋ ತಿಳಿಯಬೇಕಾದರೆ ಅತ್ತೆಯನ್ನು ಮನೆಯಲ್ಲಿ ಬಿಡುವುದಲ್ಲ, ಮೊದಲು ಮುಗಿಸಿ ಗೆರೆಯ ಮೇಲೆ ನಿಲ್ಲಿಸಬೇಕು!

"ಯವ್ವಾ, ನಾಳೆ ನೀ ಓಡಬೇಕು" ಎಂದ.

"ಆ ಬೂಟು ಇಳಸ್ರಿ ಮೊದಲ" ಎಂದಳು ಈರವ್ವ, ಏಕೆ ಏನು ಎಂದು ಕೇಳದೆ.

ಮರುದಿನ ಗುರುಪಾದ ಪರದೆಯ ಮುಂದೆ ಕೂರಲಿಲ್ಲ, ಮೈದಾನಕ್ಕೇ ಬಂದ. ಈರವ್ವ ಸೊಸೆಗಿಂತ ಬಹಳ ಮೊದಲೇ ಹೊರಟು, ತನ್ನ ಸುತ್ತುಗಳನ್ನು ಮುಗಿಸಿ, ಕೊನೆಯ ಗೆರೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. ದಾಕ್ಷಾಯಣಿ ಹನ್ನೊಂದನೆಯ ಸುತ್ತಿಗೆ ಬಂದಳು. ಕಾಲು ತಡವರಿಸಿತು, ಗುರುಪಾದನಿಗೆ ಬರಿಗಣ್ಣಿಗೇ ಕಂಡಿತು. ಅಷ್ಟರಲ್ಲಿ ಆಕೆ ತಲೆಯೆತ್ತಿ ನೋಡಿದಳು. ದೂರದಲ್ಲಿ ಅತ್ತೆ ನಿಂತಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ದಾರಿ ಕಾಯುತ್ತ.

ದಾಕ್ಷಾಯಣಿಯ ಹೆಜ್ಜೆ ಉದ್ದವಾಯಿತು. ಮತ್ತೂ ಉದ್ದವಾಯಿತು. ಸುತ್ತಿನ ಕೊನೆಯ ತಿರುವಿನಲ್ಲಿ ಆ ಹೆಂಗಸು ಓಡಿದ ಓಟವನ್ನು ಗುರುಪಾದ ಮದುವೆಯಾಗಿ ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ತನ್ನ ಹೆಂಡತಿ ಹೀಗೆ ಓಡಬಲ್ಲಳೆಂದು ತಿಳಿಯಲು ತನಗೊಂದು ಯಂತ್ರ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಅಂಕ ಹಸಿರು ಬಂತು. ಹೃದಯದ ಬಡಿತ ಏರಬೇಕಾದಷ್ಟು ಏರಿ, ನಿಂತ ಕೂಡಲೇ ಇಳಿದಿತ್ತು. ಡಾಕ್ಟರೂ ನೋಡಿ, ಗಟ್ಟಿ ಎದೆ ಎಂದರು.

ನಿರ್ದೇಶಕರು ಗಡ್ಡ ಕೆರೆದುಕೊಂಡರು. "ವರ್ಷದ ಕೆಂಪಿನ ಎದುರು ಒಂದೇ ಒಂದು ಹಸಿರು. ನೀವು ಓಡಲಿ ಅಂದ್ರೆ ಓಡಲಿ. ಆದರೆ ಜವಾಬ್ದಾರಿ ನಿಮ್ಮದು."

"ನಂದಽ ರೀ ಸರ್" ಎಂದ ಗುರುಪಾದ. ದಾಕ್ಷಾಯಣಿಗೆ, "ಸುಳ್ಳು. ಓಡು" ಎಂದಷ್ಟೇ ಹೇಳಿದ. ಆಕೆಗೆ ಅಷ್ಟೇ ಬೇಕಿತ್ತು.

ಮ್ಯಾರಥಾನಿನ ಬೆಳಿಗ್ಗೆ ಚಳಿ ಚೆನ್ನಾಗಿತ್ತು. ಓಟ ಮುಗಿಯುವುದು ಗದಗಿನ ಮೈದಾನದಲ್ಲಿ, ಅದರ ಪಕ್ಕದ ಕೋಣೆಯೇ ಕಂಟ್ರೋಲ್ ರೂಮು. ಈರವ್ವ ಸೂರ್ಯ ಹುಟ್ಟುವ ಮೊದಲೇ ಬಂದು ಗೆರೆಯ ಬಳಿ ನಿಂತಿದ್ದಳು. ಕುರ್ಚಿ ಕೊಟ್ಟರೆ, "ನಾ ಕುಂತ್ರ ಆಕಿ ಸಾವಕಾಶ ಬರ್ತಾಳ" ಎಂದು ಬೇಡವೆಂದಳು.

ಪರದೆಯ ಮೇಲೆ ಚುಕ್ಕೆಗಳು ಲಕ್ಷ್ಮೇಶ್ವರದಿಂದ ಹೊರಟವು. ದಾಕ್ಷಾಯಣಿಯದು ನಡುವಿನ ಗುಂಪಿನಲ್ಲಿತ್ತು. ಮುಳಗುಂದ ಬರುವ ಹೊತ್ತಿಗೆ ಮುಂದಿನ ಗುಂಪಿಗೆ ಸೇರಿತು. ಗುರುಪಾದ ಚಹಾ ಕೇಳಿದ, ಕುಡಿಯಲಿಲ್ಲ. ಮೂವತ್ತು ದಾಟಿತು. ಮೂವತ್ತೆರಡು. ಹೆಜ್ಜೆಯ ಗೆರೆ ಹಗ್ಗ ಹಿಡಿದಂತೆ ನೆಟ್ಟಗಿತ್ತು. ಮೂವತ್ಮೂರು.

ಮೂವತ್ತನಾಲ್ಕನೆಯ ಕಿಲೋಮೀಟರಿನಲ್ಲಿ ಆ ಚುಕ್ಕೆ ನಿಂತಿತು.

ಗುರುಪಾದ ಕುರ್ಚಿಯಿಂದ ಎದ್ದ. ನಿಂತ ಚುಕ್ಕೆ, ಅದೇ ಪರದೆ, ಅದೇ ಬಣ್ಣ. 'ಸುಳ್ಳು, ಓಡು' ಎಂದವನು ನಾನೇ. ನಾನೇ ಕಳಿಸಿದೆ. "ಆಂಬುಲೆನ್ಸ್" ಎನ್ನುತ್ತ ಫೋನಿಗೆ ಕೈ ಚಾಚಿದ.

ರೇಷ್ಮಾ ಆಗಲೇ ಫೋನು ಹಿಡಿದಿದ್ದಳು. ದಾರಿಯಲ್ಲಿ ನೀರು ಕೊಡುವವರ ಗದ್ದಲ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಆಕೆ ಪರದೆಯ ಹತ್ತಿರ ಬಗ್ಗಿದಳು.

"ಸರ್... ಸರ್, ಅಲ್ಲಿ ಎರಡು ಚುಕ್ಕಿ ಅದಾವ ನೋಡ್ರಿ."

ಹೌದು, ಒಂದರ ಮೈಗೆ ಒಂದು ಅಂಟಿಕೊಂಡು ಎರಡು. ದಾಕ್ಷಾಯಣಿಯ ಎದೆಪಟ್ಟಿ ಕಳಿಸುತ್ತಿದ್ದ ಬಡಿತ ಕೆಳಗೆ ಸಣ್ಣ ಅಕ್ಷರದಲ್ಲಿ ತೋರುತ್ತಿತ್ತು, ನೆಮ್ಮದಿಯಾಗಿ ಬಡಿಯುತ್ತಿತ್ತು. ಫೋನಿನಲ್ಲಿ ಈಗ ಯಾರದೋ ದನಿ ಸ್ಪಷ್ಟವಾಯಿತು: "ರಾಣೆಬೆನ್ನೂರಿನ ಹುಡುಗಿಗೆ ಕಾಲು ಹಿಡಕೊಂಡಿತ್ರಿ, ರಸ್ತೆದಾಗ ಕುಂತಬಿಟ್ಟಿದ್ಲು. ಈ ಮೇಡಮ್ಮಾರು ನಿಂತು ತಿಕ್ಕಾಕತ್ತಾರ. ಎದ್ದಳು, ಎದ್ದಳ್ರೀ, ಏನೂ ಆಗಿಲ್ಲ!"

ಎರಡೂ ಚುಕ್ಕೆಗಳು ಅಲುಗಿದವು. ನಡೆದವು. ಆಮೇಲೆ ಕೂಡಿ ಓಡಿದವು. ಗುರುಪಾದ ಕುರ್ಚಿಯಲ್ಲಿ ಕುಸಿದು, ಮುಖ ಮುಚ್ಚಿಕೊಂಡು ಗಳಗಳನೆ ಅತ್ತ. ಕೋಣೆಯಲ್ಲಿದ್ದವರೆಲ್ಲ ಬೇರೆ ಕಡೆ ನೋಡಿದರು. ರೇಷ್ಮಾ ಮಾತ್ರ, "ಚಹಾ ಆರೈತಿ ಸರ್, ಬ್ಯಾರೆ ತರಸ್ತೀನಿ" ಎಂದು ಕಣ್ಣೊರೆಸಿಕೊಂಡಳು.

ದಾಕ್ಷಾಯಣಿ ಆ ಹುಡುಗಿಯ ಜೊತೆ ಮೈದಾನಕ್ಕೆ ಬಂದಾಗ ಬಿಸಿಲು ಏರಿತ್ತು. ಹಸಿರು ಅಂಕ ಹೇಳಿದ್ದಕ್ಕಿಂತ ಬಹಳ ತಡವಾಗಿತ್ತು. ಯಂತ್ರದ ಎರಡು ಅಂಕಗಳೂ, ಕೆಂಪೂ ಹಸಿರೂ, ಸುಳ್ಳಾದವು, ಯಾರಿಗೂ ಅದರ ಖಬರು ಇರಲಿಲ್ಲ. ಗೆರೆ ದಾಟಿದ ಸೊಸೆಯ ಮುಖವನ್ನು ಈರವ್ವ ಸೆರಗಿನಿಂದ ಒರೆಸಿದಳು.

"ಎಷ್ಟೊತ್ತವ್ವ ಕಾಯಿಸೂದು! ನನ್ನ ಕಾಲು ಕಂಬ ಆದ್ವು."

"ಈಕಿ ಒಬ್ಬಾಕಿ ಉಳದಿದ್ಲರಿ ಅತ್ತಿ" ಎಂದಳು ದಾಕ್ಷಾಯಣಿ, ಹುಡುಗಿಯನ್ನು ಮುಂದೆ ಮಾಡಿ.

"ಹಂಗಾದ್ರ ಇರಲಿ" ಎಂದಳು ಈರವ್ವ. ಅಷ್ಟರಲ್ಲಿ ಓಡಿಬಂದ ಗುರುಪಾದ ಹೆಂಡತಿಯ ಎರಡೂ ಕೈ ಹಿಡಿದು ನಿಂತ. ಈ ಸಲ ಬೆಚ್ಚಗಿದ್ದವು, ಅವನವೂ.

ಮುಂಗಾಣಿ ಈಗಲೂ ಇದೆ. ಅದು ಅಂಕ ಹೇಳುವ ಮೊದಲು ಪ್ರಶ್ನೆಯೊಂದನ್ನು ಕೇಳುತ್ತದೆ: ನಿಮ್ಮ ಜೊತೆ ಯಾರಿದ್ದರು? ಆ ಪ್ರಶ್ನೆ ಸೇರಿದ ಮೇಲೆ ಗದಗಿನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಸಾವಿರಾರು ಕೆಂಪುಗಳು ಹಸಿರಾದವು. "ತಿಳಿಸ್ತೀವ್ರಿ" ಎಂದು ಎದ್ದು ಹೋಗಿದ್ದ ಬೀಗರು ಮುಖ ಸಣ್ಣ ಮಾಡಿಕೊಂಡು ತಿಳಿಸಲು ಬಂದರು. ಕೆಲವರಿಗೆ ಚಹಾ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ.

ಅದೆಲ್ಲ ಆಮೇಲಿನ ಮಾತು. ಓಟದ ದಿನ ಮಧ್ಯಾಹ್ನ ಅಂಗಡಿಯವರ ಮನೆಯಲ್ಲಿ ನಾಲ್ಕು ತಾಟು ಬಿದ್ದಿದ್ದವು, ರಾಣೆಬೆನ್ನೂರಿನ ಹುಡುಗಿಯದೂ ಸೇರಿ. ಗುರುಪಾದನಿಗೆ ವಾರಗಳ ಹಸಿವು ಒಮ್ಮೆಲೇ ಕೆರಳಿತ್ತು. ಉಳಿದ ಮೂವರದೂ ಮುಗಿದರೂ ಅವನ ಊಟ ಮುಗಿಯಲಿಲ್ಲ. ನಾಲ್ಕನೆಯ ರೊಟ್ಟಿಗೆ ಕೈಯಿಟ್ಟಾಗ ಎಲ್ಲರೂ ತನ್ನ ದಾರಿ ಕಾಯುತ್ತಿದ್ದಾರೆಂದು ತಿಳಿದು, ಗಡಿಬಿಡಿಯಿಂದ ದೊಡ್ಡ ಚೂರು ಮುರಿದ.

ದಾಕ್ಷಾಯಣಿ ತನ್ನ ಖಾಲಿ ತಾಟಿಗೆ ಅರ್ಧ ರೊಟ್ಟಿ ಹಾಕಿಕೊಂಡು, ಅದರಿಂದ ಉಗುರಿನಷ್ಟು ಚೂರು ಮುರಿದಳು.

"ಸಾವಕಾಶ ಉಣ್ರಿ" ಎಂದಳು. "ನಂದೂ ಇನ್ನಾ ಮುಗಿದಿಲ್ಲ."